ಹನ್ನೊಂದನೇ ಪುಟದ ಡಮ್ಮಿ

ಮೊದಲ ಶನಿವಾರವೇ ನಾನು ತರಗತಿಯಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟೆ.

ಹಾವೇರಿಯ ಬಸ್‌ಸ್ಟ್ಯಾಂಡಿನ ಹಿಂದೆ ಮಹಡಿಯ ಮೇಲೊಂದು ಹಾಲ್. ಸಣ್ಣ ಪತ್ರಿಕೆಗಳಲ್ಲಿ ಕೆಲಸ ಮಾಡುವ ಹನ್ನೆರಡು ಮಂದಿಗೆ ಎಂಟು ಶನಿವಾರಗಳ ತರಬೇತಿ. ಕಲಿಸುವವರು ಹನುಮೇಶ ಸರ್, ಮೂವತ್ತು ವರ್ಷ ವಾರಪತ್ರಿಕೆಯೊಂದರಲ್ಲಿ ದುಡಿದು ನಿವೃತ್ತರಾದವರು. ನಮ್ಮನ್ನು ಜೋಡಿ ಜೋಡಿಯಾಗಿ ಕೂರಿಸಿದ್ದರು. ಒಬ್ಬರು ಬರಹ ನೋಡಬೇಕು, ಇನ್ನೊಬ್ಬರು ಪುಟ ಕಟ್ಟಬೇಕು. ಕೊನೆಯ ಶನಿವಾರದೊಳಗೆ ಇಬ್ಬರೂ ಸೇರಿ ಹದಿನಾರು ಪುಟದ ಮಾದರಿ ಸಂಚಿಕೆ ಮುಗಿಸಬೇಕು.

ನಾನು ರಾಣೆಬೆನ್ನೂರಿನ ‘ಕೂರಿಗೆ’ ಎಂಬ ಕೃಷಿ ಮಾಸಿಕದ ಉಪಸಂಪಾದಕಿ. ಓದಿದ್ದು ಸಸ್ಯಶಾಸ್ತ್ರ. ನನ್ನ ಜೋಡಿಗೆ ಸಿಕ್ಕವನು ಬ್ಯಾಡಗಿಯ ಮುನಾಫ. ಮೆಣಸಿನಕಾಯಿ ಪಾಕೀಟಿನ ಲೇಬಲ್, ಮದುವೆ ಕಾರ್ಡು, ಜೊತೆಗೆ ‘ಘಾಟು’ ಎಂಬ ಪುಟ್ಟ ಮಾಸಿಕ ಮುದ್ರಿಸುವ ಪ್ರೆಸ್ಸಿನಲ್ಲಿ ಪುಟ ಕಟ್ಟುವವನು.

ಲೇಖನ ಇನ್ನೂ ಕೈಗೆ ಬಂದಿರದಿದ್ದರೆ ಪುಟ ಕಟ್ಟುವವರು ಅದರ ಜಾಗದಲ್ಲಿ ಏನೋ ಒಂದಿಷ್ಟು ಅಕ್ಷರ ತುಂಬಿ ಅಳತೆ ನೋಡುತ್ತಾರೆ. ಅದು ಡಮ್ಮಿ ಮ್ಯಾಟರ್. ಲೇಖನ ಬಂದ ಮೇಲೆ ಡಮ್ಮಿಯನ್ನು ಅಳಿಸಿ ಅದನ್ನು ಹಾಕುವುದು. ಎಲ್ಲರೂ ಯಾವುದೋ ಹಳೆಯ ಸಂಚಿಕೆಯ ತುಂಡನ್ನು ತುಂಬುತ್ತಾರೆ. ಮುನಾಫ ಮಾತ್ರ ತಾನೇ ಬರೆಯುತ್ತಿದ್ದ. ಅವತ್ತು ಅವನ ಪುಟದಲ್ಲಿ ಹೀಗಿತ್ತು:

‘ನನ್ನ ಬಾಜೂಕ ಕುಂತ ರಾಣೆಬೆನ್ನೂರು ಮೇಡಂ ಮುಂಜಾನಿಂದ ಮೂರು ಪೆನ್ನು ಬದಲಿ ಮಾಡ್ಯಾರ. ಮೂರೂ ಕೆಂಪು. ನನಗ ಅಂಜಿಕಿ ಬರಾಕತ್ತೈತಿ.’

“ಯಾಕ ನಗತೀರಿ?” ಅಂದ ಅವನು, ಪರದೆಯಿಂದ ಕಣ್ಣು ತೆಗೆಯದೆ. ತುಟಿಯ ಒಂದು ಅಂಚು ಮಾತ್ರ ಸ್ವಲ್ಪ ಮೇಲೆದ್ದಿತ್ತು.

“ಅಂಜಿಕಿ ಇದ್ದವರು ಹಿಂಗ ಬರೀತಾರೇನ್ರಿ?”

“ಅಂಜಿಕಿ ಇದ್ದವರ ಬರೀತಾರ. ಧೈರ್ಯ ಇದ್ದವರು ಬಾಯಿಲೆ ಹೇಳತಾರ.”

ಅವತ್ತು ಅದನ್ನು ತಮಾಷೆಯೆಂದೇ ತಿಳಿದೆ.

ಆಮೇಲೆ ಪ್ರತಿ ಶನಿವಾರ ನಾನು ಮೊದಲು ಹುಡುಕುತ್ತಿದ್ದದ್ದು ಅವನ ಡಮ್ಮಿಯನ್ನು. ನನ್ನ ಡಬ್ಬಿಯ ಬದನೆಕಾಯಿ ಪಲ್ಯದ ವಿಮರ್ಶೆ. ನಾನು ಅಲ್ಪವಿರಾಮಕ್ಕೆ ಕೊಡುವ ಮರ್ಯಾದೆ. ‘ಮೇಡಂ ಇವತ್ತ ಹಸಿರ ದುಪಟ್ಟಾ ಹಾಕ್ಯಾರ, ಹನುಮೇಶ ಸರ್ ಪಾಠ ನನಗ ಕೇಳಿಸವಲ್ದು.’ ನಾನು ಓದುವಾಗ ಅವನು ನನ್ನನ್ನೇ ನೋಡುತ್ತಿದ್ದ. ತಲೆ ಎತ್ತಿದರೆ ಅವನ ಕಣ್ಣು ಕಿಟಕಿಯಾಚೆಗೆ, ಬಸ್ಸುಗಳ ಕಡೆಗೆ ಓಡುತ್ತಿತ್ತು. ಹಾಗೆ ಓಡುವಾಗ ಅವನ ಕಿವಿಯ ತುದಿ ಕೆಂಪಾಗುವುದನ್ನು ನಾನು ಗಮನಿಸಿದ್ದೆ. ಮೂರು ಶನಿವಾರ ನೋಡಿ ಖಾತ್ರಿ ಮಾಡಿಕೊಂಡಿದ್ದೆ.

ಆರನೇ ಶನಿವಾರ ಎರಡು ಸಂಗತಿ ನಡೆದವು.

ಒಂದು, ಚಹದ ಅಂಗಡಿಯಲ್ಲಿ. ಶಿಗ್ಗಾಂವಿಯಿಂದ ನನಗೊಂದು ಸಂಬಂಧ ಬಂದಿರುವುದನ್ನು ಅವನಿಗೆ ಹೇಳಿದೆ. ಹುಡುಗನ ಹೆಸರು ಜಾವೇದ, ಬೀಜದ ಅಂಗಡಿ ಇದೆ. ತರಬೇತಿ ಮುಗಿಯುವುದರೊಳಗೆ ಹೂಂ ಅಥವಾ ಉಹೂಂ ಹೇಳಬೇಕು.

ಮುನಾಫ ಚಮಚ ತಿರುಗಿಸುತ್ತಲೇ ಇದ್ದ. ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿತ್ತು.

“ಏನ್ ಹೇಳತೀರಿ ಮತ್ತ?” ಎಂದು ಕೇಳಿದ.

“ಇನ್ನೂ ವಿಚಾರ ಮಾಡಿಲ್ಲ.”

“ಬೀಜದ ಅಂಗಡಿ. ನಿಮಗ ಛಲೋ ಆಗತೈತಿ. ಮನ್ಯಾಗ ಕುಂತ ಲೇಖನ ಬರೀಬಹುದು.”

“ನಿಮಗ ಅಷ್ಟ ಅನಸತೈತೇನು?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಲೋಟ ಇಟ್ಟು ಎದ್ದು ನಡೆದ. ಅವನಿಂದ ಒಂದು ಮಾತು ಬಂದರೆ ಸಾಕು, ಮನೆಯಲ್ಲಿ ಉಹೂಂ ಎನ್ನುವ ಧೈರ್ಯ ನನಗಿತ್ತು. ಆ ಮಾತಿಗೆ ಇನ್ನು ಎರಡೇ ಶನಿವಾರ ಉಳಿದಿದ್ದವು.

ಎರಡನೆಯದು, ಸಂಜೆ ಹನುಮೇಶ ಸರ್ ಒಬ್ಬೊಬ್ಬರನ್ನೇ ಕರೆದು ಕೈಗಿಟ್ಟ ಚೀಟಿ. ನನ್ನದರಲ್ಲಿ ಬರೆದಿತ್ತು: ‘ಭಾಷೆ ಚೊಕ್ಕ. ಆದರೆ ಡಮ್ಮಿ ಓದುವ ಚಪಲ. ಓದುತ್ತಾ ಪುಟ ಆರರ ತಲೆಬರಹ ಹಳೆಯದೇ ಉಳಿದದ್ದನ್ನು ನೋಡಿಲ್ಲ.’

“ಬೇನಜೀರ,” ಅಂದರು ಸರ್, “ಡಮ್ಮಿ ಓದಾಕ ಇರೂದಲ್ಲವ್ವಾ. ಓದಿದ್ರ ಕಣ್ಣು ಅಲ್ಲೇ ಸೋಲತಾವ. ಅದರ ಆಕಾರ ನೋಡು, ಅಳತಿ ನೋಡು, ಅಳಸು, ನಿನ್ನ ಮ್ಯಾಟರ್ ಹಾಕು. ಇಷ್ಟು ಕಲತರ ನೀ ದೊಡ್ಡ ಪತ್ರಿಕ್ಯಾಗ ಕುಂದ್ರತಿ.”

ಆ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡೆ. ಬಸ್ಸಿನಲ್ಲಿ ಎರಡು ಸಲ ತೆಗೆದು ನೋಡಿದೆ. ತಪ್ಪು ತೋರಿಸಿದರೆ ತಿದ್ದಿಕೊಳ್ಳುವುದು ನನ್ನ ಸ್ವಭಾವ. ಇನ್ನು ಮೇಲೆ ಡಮ್ಮಿಯ ಒಂದು ಸಾಲನ್ನೂ ಓದಬಾರದೆಂದು ನಿರ್ಧರಿಸಿದೆ. ಮುನಾಫನಿಗೆ ಹೇಳಲಿಲ್ಲ. ಅವನ ಬರಹದಿಂದಲೇ ಬೈಸಿಕೊಂಡೆ ಎಂದು ಹೇಗೆ ಹೇಳುವುದು?

ಏಳನೇ ಶನಿವಾರ ಗಡುವಿನ ಅಭ್ಯಾಸ. ಪುಟ ಕಟ್ಟುವವರು ಒಂದು ಕೋಣೆಯಲ್ಲಿ, ನಾವು ಇನ್ನೊಂದರಲ್ಲಿ. ಮಾತಿಲ್ಲ, ಫೋನಿಲ್ಲ. ಪುಟ ಕಂಪ್ಯೂಟರಿನಲ್ಲಿ ಬರಬೇಕು, ಒಂದು ತಾಸಿನೊಳಗೆ ಮರಳಿ ಹೋಗಬೇಕು.

ಹನ್ನೊಂದನೇ ಪುಟ ಬಂತು. ಎರಡು ಕಾಲಂ, ನಡುವೆ ಚಿತ್ರಕ್ಕೆ ಜಾಗ. ಅಕ್ಷರಗಳನ್ನು ಬೂದು ಬಣ್ಣದ ಇಟ್ಟಿಗೆಯಂತೆ ಕಂಡೆ. ಕಣ್ಣು ಜಾರಿ ಓದಲು ಹೋಗುತ್ತಿತ್ತು, ಹಿಡಿದು ನಿಲ್ಲಿಸಿದೆ. ಅಳತೆ ನೋಡಿದೆ. ಪೂರ್ತಿ ಅಳಿಸಿ, ಮೆಣಸಿನ ಬೀಜದ ಮೊಳಕೆ ಪರೀಕ್ಷೆಯ ಬಗ್ಗೆ ನಾನು ಬರೆದಿದ್ದ ಲೇಖನ ಹಾಕಿದೆ. ಕೆಳಗೆ ಒಂದು ಟಿಪ್ಪಣಿ: ‘ಮ್ಯಾಟರ್ ಹಾಕಿದ್ದೇನೆ. ಎರಡು ಸಾಲು ಹೆಚ್ಚಾಗಿದೆ, ಚಿತ್ರ ಸಣ್ಣದು ಮಾಡಿ.’

ನಲವತ್ತು ನಿಮಿಷ. ಎಲ್ಲರಿಗಿಂತ ಮೊದಲು. ಹನುಮೇಶ ಸರ್ ನನ್ನ ಬೆನ್ನು ತಟ್ಟಿದರು.

ಹೊರಗೆ ಬಂದಾಗ ಮುನಾಫ ಹೊರಟುಹೋಗಿದ್ದ.

ಕೊನೆಯ ಶನಿವಾರ ಅವನ ಪುಟಗಳಲ್ಲಿ ಡಮ್ಮಿಯೇ ಇರಲಿಲ್ಲ. ಎಲ್ಲ ಲೇಖನ ಬಂದಾಗಿತ್ತು. ಪ್ರಮಾಣಪತ್ರ ಕೊಡುವಾಗ ನನ್ನ ಹೆಸರನ್ನು ಮೊದಲು ಕರೆದರು. ಅವನು ಚಪ್ಪಾಳೆ ತಟ್ಟಿದ, ಹತ್ತಿರ ಬಂದು “ಮುಬಾರಕ್ ರೀ” ಅಂದ. ಮತ್ತೇನಾದರೂ ಹೇಳುತ್ತಾನೆಂದು ನಾನು ಪ್ರಮಾಣಪತ್ರವನ್ನು ಸುಮ್ಮನೆ ಸುರುಳಿ ಸುತ್ತುತ್ತಾ ನಿಂತೆ. ಅವನು ನನ್ನ ಮುಖ ನೋಡದೆ ಮೆಟ್ಟಿಲಿಳಿದ. ಶಿಗ್ಗಾಂವಿಯ ಸುದ್ದಿ ಕೇಳಿಯೂ ಸುಮ್ಮನಿದ್ದಾನೆ ಎಂದರೆ ಅದೇ ಅವನ ಉತ್ತರ ಎಂದುಕೊಂಡೆ. ಫೋನ್ ನಂಬರ್ ಇತ್ತು. ಮಾಡಲಿಲ್ಲ. ಅವನೂ ಮಾಡಲಿಲ್ಲ.

ಆದರೂ ಶಿಗ್ಗಾಂವಿಯವರಿಗೆ ಉಹೂಂ ಅಂದೆ.

“ಯಾಕ ಬೇಟಾ? ಹುಡುಗನ್ನ ನೋಡೇ ಇಲ್ಲ ನೀ,” ಅಂದಳು ಅಮ್ಮಿ ಕುಲ್ಸುಮಬಿ.

“ಈ ವರ್ಷ ಬ್ಯಾಡ ಅಮ್ಮಿ.”

“ಮತ್ತ್ಯಾರರ ಅದಾರೇನು?”

“ಯಾರೂ ಇಲ್ಲ.”

ಅಮ್ಮಿ ನನ್ನ ಮುಖವನ್ನೇ ನೋಡುತ್ತಾ ರೊಟ್ಟಿ ಹೊತ್ತಿಸಿಬಿಟ್ಟಳು.

ಜನವರಿ ಕೊನೆಯಲ್ಲಿ ‘ಕೂರಿಗೆ’ಗೆ ಹೊಸ ವಿನ್ಯಾಸ ಮಾಡಬೇಕಾಯಿತು. ತರಬೇತಿಯ ಮಾದರಿ ಸಂಚಿಕೆಯನ್ನೇ ಬಳಸೋಣ ಎಂದು ಹಳೆಯ ಫೈಲ್ ತೆರೆದೆ. ಹನ್ನೊಂದನೇ ಪುಟದ ಎರಡು ಕಾಲಮ್ಮಿಗೆ ಎಷ್ಟು ಪದ ಹಿಡಿಸುತ್ತದೆ? ಅಂದಾಜು ಮಾಡುವುದು ನನಗಾಗದು. ಮುನಾಫ ಮೊದಲು ಕಳಿಸಿದ ಪುಟದ ಪ್ರತಿ ಹಾಗೆಯೇ ಉಳಿದಿತ್ತು, ಅದನ್ನು ತೆರೆದು ಡಮ್ಮಿಯ ಪದಗಳನ್ನು ಎಣಿಸಲು ಕೂತೆ. ಎಣಿಸಬೇಕಾದರೆ ಓದದೆ ಆಗುವುದಿಲ್ಲ.

ಮೊದಲ ಎರಡು ಸಾಲು ಬಸ್ಸಿನ ಬಗ್ಗೆ ಇತ್ತು, ಎಂದಿನಂತೆ. ಮೂರನೆಯದರಿಂದ ಬೇರೆ.

‘ಬೇನಜೀರ, ಹನುಮೇಶ ಸರ್ ಹಿಂದ ನಿಂತಿದ್ರ ಅಂತ ಮ್ಯಾಲ ಬಸ್ಸಿನ ಮಾತ ಹಾಕೇನಿ. ಇದು ಡಮ್ಮಿ ಅಲ್ಲ. ಎದರಿಗೆ ಹೇಳಾಕ ಬಂದ್ರ ನಾ ಏನರ ನಗಚಾಟಿಕಿ ಮಾಡಿ ಕೆಡಸತೇನಿ. ಚಾದ ಅಂಗಡ್ಯಾಗ ಹಂಗ ಆತು. ಶಿಗ್ಗಾಂವಿಯವರಿಗೆ ಹೂಂ ಅನ್ನೂ ಮುಂಚೆ ನನ್ನ ವಿಚಾರ ಒಮ್ಮೆ ಮಾಡ್ರಿ. ನನ್ನ ಅಮ್ಮಿಗೆ ನಿಮ್ಮ ಹೆಸರ ಹೇಳೇನಿ. ನೀವು ಓದೂಮುಂದ ನಿಮ್ಮ ಹುಬ್ಬು ಕೂಡತಾವ, ಆಮ್ಯಾಲ ಬಿಡತಾವ, ಅದನ್ನ ಜೀವನಪೂರ್ತಿ ನೋಡಬೇಕಂತ ನನ್ನ ಆಸೆ. ನಿಮಗೂ ಹಂಗ ಅನಸಿದ್ರ ಈ ಮ್ಯಾಟರ್ ಹಿಂಗ ಬಿಟ್ಟು ಪುಟ ವಾಪಸ್ ಕಳಸ್ರಿ. ಇಲ್ಲಂದ್ರ ಇದನ್ನ ಅಳಿಸಿ ನಿಮ್ಮ ಲೇಖನ ಹಾಕ್ರಿ. ನಾ ತಿಳಕೊಂತೇನಿ. ಮತ್ತ ಕೇಳಿ ನಿಮಗ ತ್ರಾಸ ಕೊಡೂದಿಲ್ಲ.’

ಎಷ್ಟು ಪದವಿತ್ತೋ ಎಣಿಸಲಿಲ್ಲ. ಆ ಪುಟದ ಕೆಳಗೆ ನಾನು ಬರೆದ ಟಿಪ್ಪಣಿ ನೆನಪಾಯಿತು. ಚಿತ್ರ ಸಣ್ಣದು ಮಾಡಿ.

ಆಫೀಸಿಗೆ ರಜೆ ಹೇಳಿ ಮಧ್ಯಾಹ್ನದ ಬ್ಯಾಡಗಿ ಬಸ್ಸು ಹತ್ತಿದೆ. ಮೋಟೆಬೆನ್ನೂರಿನಲ್ಲಿ ಅದು ಹೆದ್ದಾರಿ ಬಿಟ್ಟು ತಿರುಗುವವರೆಗೆ ನಾನು ಹೇಳಬೇಕಾದ ಮಾತನ್ನು ಕಟ್ಟುತ್ತಿದ್ದೆ. ‘ನಾನು ಓದಿರಲಿಲ್ಲ.’ ಇಷ್ಟೇ ಸಾಕು. ಉಳಿದದ್ದು ಅವನಿಗೆ ತಿಳಿಯುತ್ತದೆ. ಎರಡೂವರೆ ತಿಂಗಳಾಗಿತ್ತು, ಅಷ್ಟೇ. ಎರಡೂವರೆ ತಿಂಗಳಲ್ಲಿ ಏನು ಆಗಿಹೋಗಲು ಸಾಧ್ಯ?

ಪ್ರೆಸ್ಸಿನ ಬಾಗಿಲಲ್ಲಿ ನನ್ನನ್ನು ಕಂಡು ಮುನಾಫ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

“ಬರ್ರಿ, ಬರ್ರಿ. ಕುಂದ್ರಿ. ಕೆಲಸ ತಂದೀರೇನು?”

“ಹೂಂ. ಒಂದು ಮಾತಿತ್ತು.”

ಅವನ ಫೋನ್ ಬಡಿಯಿತು. ಕೈಗೆ ಮಸಿ ಹತ್ತಿದ್ದರಿಂದ ಬೆರಳ ಗೆಣ್ಣಿನಿಂದ ಸ್ಪೀಕರ್ ಒತ್ತಿದ.

“ಕಾರ್ಡಿನ ಫೋಟೋ ನೋಡಿದೆ ರೀ,” ಹುಡುಗಿಯ ದನಿ, ನಗು ತುಂಬಿದ್ದು. “ನಿಮ್ಮ ಹೆಸರ ದೊಡ್ಡದೈತಿ, ನನ್ನ ಹೆಸರ ಸಣ್ಣದೈತಿ. ಈಗಿಂದನ ಹಿಂಗ ಏನು?”

“ನಿನ್ನ ಪೂರಾ ಹೆಸರಾಗ ಅಕ್ಷರ ಹೆಚ್ಚದಾವ, ಹಿಡಸವಲ್ದು.”

“ಅಕ್ಷರ ಹೆಚ್ಚಿದ್ರ ಕಾರ್ಡ್ ದೊಡ್ಡದ ಮಾಡ್ರಿ! ಇಡ್ತೇನಿ, ಅಪ್ಪಾ ಬಂದ್ರು.”

ಅವನು ಫೋನನ್ನು ಗೆಣ್ಣಿನಿಂದಲೇ ಪಕ್ಕಕ್ಕೆ ಸರಿಸಿದ. “ಸಿಮ್ರಾನ. ಹೊಸರಿತ್ತಿಯಾಕಿ. ಬರೂ ರವಿವಾರ ಬಿಟ್ಟು ಮುಂದಿನ ರವಿವಾರ ನಿಕಾಹ್ ಐತ್ರಿ. ನಿಮಗ ಹೇಳಬೇಕಂತ ಇದ್ದೆ, ಆಗಲಿಲ್ಲ.”

“ಛಲೋ ಆತು,” ಅಂದೆ. ನನ್ನ ದನಿ ಸಹಜವಾಗಿಯೇ ಇತ್ತು. ಅದು ಹೇಗೆಂದು ಇವತ್ತಿಗೂ ಗೊತ್ತಿಲ್ಲ.

“ಹೋದ ವರ್ಷ ಆಕೀದು ಒಂದ ಸಂಬಂಧ ಗಟ್ಟಿಯಾಗಿ, ಕಾರ್ಡ್ ಹಂಚಿದ ಮ್ಯಾಲ ಮುರದಿತ್ತಂತ. ಆರು ತಿಂಗಳ ಹೊಸ್ತಿಲ ದಾಟಿದ್ದಿಲ್ಲಂತ. ಈಗ ನೋಡ್ರಿ, ದಿನಕ್ಕ ಹತ್ತು ಸಲ ಫೋನ್ ಮಾಡತಾಳ. ನಗೂದು ಕಲತಾಳ ಅಂತ ಆಕಿ ಅಪ್ಪ ನನ್ನ ಕೈ ಹಿಡಕೊಂಡ ಅತ್ತ.”

ಹೊರಗೆ ಮಾರುಕಟ್ಟೆಗೆ ಹೋಗುವ ಗಾಡಿಗಳ ಸದ್ದು. ಮುನಾಫ ಬಿದ್ದ ಕುರ್ಚಿ ಎತ್ತಿಟ್ಟ. ಕೂರಲಿಲ್ಲ.

“ಒಂದು ಕೇಳಲೇನ್ರಿ? ಆಮ್ಯಾಲ ಎಂದೂ ಕೇಳೂದಿಲ್ಲ.”

“ಕೇಳ್ರಿ.”

“ಹನ್ನೊಂದನೇ ಪುಟ. ನೀವು ಓದಿದ್ರಿ, ಹೌದಿಲ್ಲ?”

ನಾನು ಪರ್ಸನ್ನು ಹೆಗಲಿಂದ ಇಳಿಸಿ ಮೇಜಿನ ಮೇಲಿಟ್ಟೆ.

“ನಲವತ್ತ ನಿಮಿಷಕ್ಕ ವಾಪಸ್ ಬಂತು. ಒಮ್ಮೊಮ್ಮೆ ರಾತ್ರಿ ಎಚ್ಚರಾಗತಿತ್ತು. ಓದದನ ಅಳಿಸಿದ್ರೇನೋ ಅಂತ. ಓದಿದ್ದಿಲ್ಲಂದ್ರ...” ಅವನು ಮದುವೆ ಕಾರ್ಡಿನ ಕಡೆ ಕೈ ತೋರಿಸಿದ. “ಓದಿದ್ದಿಲ್ಲಂದ್ರ ನಾ ಈ ಕಾರ್ಡ್ ಹೆಂಗ ಅಚ್ಚ ಹಾಕಲಿ?”

ಬಸ್ಸಿನಲ್ಲಿ ಕಟ್ಟಿ ತಂದ ಮಾತು ನಾಲಿಗೆಯ ಮೇಲೇ ಇತ್ತು. ಎರಡೇ ಪದ. ಅದನ್ನು ಹೇಳಿದರೆ ಅವನು ಆ ನಿಕಾಹ್ ಬಿಟ್ಟು ಬರುತ್ತಾನೆ. ಅನುಮಾನವೇ ಇರಲಿಲ್ಲ. ಹೊಸರಿತ್ತಿಯ ಒಂದು ಮನೆಯಲ್ಲಿ ಮತ್ತೆ ಬಾಗಿಲು ಮುಚ್ಚುತ್ತದೆ. ಈ ಸಲ ಅದು ತೆರೆಯುತ್ತದೋ ಇಲ್ಲವೋ.

“ಓದಿದ್ದೆ,” ಅಂದೆ.

ಅವನು ಉಸಿರು ಬಿಟ್ಟ. ಭುಜಗಳು ಕೆಳಗಿಳಿದವು. ಹಗುರವಾಯಿತೋ ಮುರಿಯಿತೋ ಹೇಳಲಾರೆ. ಎರಡೂ ಒಂದೇ ರೀತಿ ಕಂಡವು.

“ಯಾಕ ಬ್ಯಾಡಂದ್ರಿ?”

ಅದಕ್ಕೆ ನಾನು ತಯಾರಾಗಿರಲಿಲ್ಲ. ಅವನನ್ನು ಬೇಡವೆನ್ನಲು ಒಂದು ಕಾರಣ ಹುಡುಕಿದೆ. ಕಿವಿಯ ತುದಿ ಕೆಂಪಾಗಿತ್ತು. ಬೆರಳ ಗೆಣ್ಣಿಗೂ ಮಸಿ ಹತ್ತಿತ್ತು. ಒಂದು ಕಾರಣವೂ ಸಿಗಲಿಲ್ಲ.

“ಭಾಳ ಮಾತಾಡತೀರಿ ನೀವು,” ಅಂದೆ. “ನನಗ ಶಾಂತ ಮನಿ ಬೇಕು.”

ಅವನು ನಕ್ಕ. ಮೊದಲ ಶನಿವಾರ ನಾನು ನಕ್ಕಷ್ಟು ಗಟ್ಟಿಯಾಗಿ ಅಲ್ಲ. “ಖರೇ ಐತಿ. ನಮ್ಮ ಅಮ್ಮಿನೂ ಇದ ಹೇಳತಾಳ.” ಕಣ್ಣೊರೆಸಿಕೊಳ್ಳುತ್ತಾ ಹೊರಗಿನ ಮೆಣಸಿನಕಾಯಿ ಗಾಡಿಗಳ ಘಾಟನ್ನು ಬೈದ. ಆಮೇಲೆ ಕೇಳಿದ, “ನೀವು ಬಂದ ಕೆಲಸ ಏನು?”

“ಪುಟದ ಅಳತಿ ಕೇಳಬೇಕಿತ್ತು. ಫೋನಿನ್ಯಾಗ ಕೇಳಬಹುದು.”

“ಬಂದೀರಂದ್ರ ನಂದೊಂದು ಕೆಲಸ ಮಾಡಿಕೊಡ್ರಿ.” ಮೇಜಿನ ಮೇಲಿದ್ದ ಕಾರ್ಡಿನ ಕರಡನ್ನು ನನ್ನ ಕಡೆ ಸರಿಸಿದ. “ನಮ್ಮಲ್ಲಿ ಯಾರರ ಒಬ್ಬರು ಓದಿ ಸಹಿ ಹಾಕದ ಹೊರತು ಮಶೀನಿಗೆ ಹಾಕೂದಿಲ್ಲ. ನನಗ ನನ್ನ ಕಾರ್ಡಿನ ತಪ್ಪು ಕಾಣಸವಲ್ದು. ನಿಮ್ಮಂಗ ಓದೂವರು ನನಗ ಬ್ಯಾರೆ ಯಾರೂ ಗೊತ್ತಿಲ್ಲ.”

ಕೆಂಪು ಪೆನ್ನು ತೆಗೆದೆ. ಅವನ ಹೆಸರು, ಅವಳ ಹೆಸರು, ಇಬ್ಬರ ತಂದೆಯರ ಹೆಸರು, ಊರು, ಹೊತ್ತು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಫೆಬ್ರವರಿ ಎಂಟು, ಶನಿವಾರ ಎಂದಿತ್ತು.

“ಎಂಟನೇ ತಾರೀಖು ರವಿವಾರ ಬರತೈತಿ.”

“ಅಯ್ಯ! ಶನಿವಾರ ಹಾಕೇನೇನು?”

ಶನಿವಾರವನ್ನು ಹೊಡೆದು ಅಂಚಿನಲ್ಲಿ ರವಿವಾರ ಎಂದು ಬರೆದೆ. ಮತ್ತೊಮ್ಮೆ ಮೊದಲಿನಿಂದ ಓದಿದೆ. ಅವನು ಎದುರಿಗೆ ನಿಂತು ನನ್ನ ಹುಬ್ಬುಗಳನ್ನೇ ನೋಡುತ್ತಿದ್ದದ್ದು ತಲೆಯೆತ್ತದೆಯೂ ಗೊತ್ತಾಗುತ್ತಿತ್ತು. ಅದಕ್ಕೇ ಮೂರನೇ ಸಲವೂ ಓದಿದೆ. ಬೇರೆ ತಪ್ಪಿರಲಿಲ್ಲ.

ಕರಡಿನ ಕೆಳಗೆ ‘ಅಚ್ಚು ಹಾಕಬಹುದು’ ಎಂದು ಬರೆದು ಸಹಿ ಮಾಡಿದೆ.