ಹೊರಗಿನ ಚಿಲಕ

ಇದನ್ನು ನನ್ನ ಗಂಡನಿಗೂ ಹೇಳಿಲ್ಲ. ನಮ್ಮ ಮಗಳಿಗೆ ಹುಟ್ಟಿನಿಂದಲೇ ನಿದ್ದೆಯ ಕಾಯಿಲೆ. ಗಂಟೆಗೊಮ್ಮೆ ಚೀರಿಕೊಂಡು ಏಳುತ್ತಿದ್ದಳು, ಬೆನ್ನು ತಟ್ಟಿದರೆ ಮಾತ್ರ ಮತ್ತೆ ಕಣ್ಣು ಮುಚ್ಚುತ್ತಿದ್ದಳು. ಗಂಡನದು ರಾತ್ರಿ ಪಾಳಿ. ಹಗಲೆಲ್ಲ ಬಟ್ಟೆ ಹೊಲಿದು ನನ್ನ ಕೈ ಸೋತಿರುತ್ತಿತ್ತು. ನಾಲ್ಕು ಸಲ ತಟ್ಟಿ ಒಂದು ಗಳಿಗೆ ನಿಲ್ಲಿಸುವುದು ನನ್ನ ರೂಢಿ.

ಅವಳಿಗೆ ಆರು ತುಂಬಿದ ವರ್ಷ, ಒಂದು ರಾತ್ರಿ, ಅವಳ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಬಿಟ್ಟೆ.

"ಅಮ್ಮಾ, ತೆಗಿಯಮ್ಮಾ, ಜಾಣೆ ಆಗಿರ್ತೀನಿ" ಎಂದು ಬಾಗಿಲು ಬಡಿದಳು.

ದೇವರ ಹೆಸರು ಹೇಳದೆ ಸೂಜಿಗೆ ದಾರವನ್ನೂ ಪೋಣಿಸದ ನಾನು ಅವತ್ತು ದೇವರನ್ನು ಕರೆಯಲಿಲ್ಲ. "ಯಾರಾದ್ರೂ ಸರಿ, ಬಂದು ಇವಳನ್ನ ಮಲಗಿಸ್ರಪ್ಪಾ" ಎಂದೆ.

ಅಳು ನಿಂತಿತು. ಒಳಗಿನಿಂದ ಬೆನ್ನು ತಟ್ಟುವ ಸದ್ದು ಬಂತು. ನಾಲ್ಕು ಸಲ ತಟ್ಟಿ, ಒಂದು ಗಳಿಗೆ ಬಿಟ್ಟು, ಮತ್ತೆ ನಾಲ್ಕು ಸಲ. ಕೋಣೆಗೆ ಬೇರೆ ಬಾಗಿಲಿಲ್ಲ. ಚಿಲಕ ಮುಟ್ಟಿದರೆ ಬೆರಳು ಕೊರೆಯುವಷ್ಟು ತಣ್ಣಗಿತ್ತು. ತೆಗೆದು ಒಳಗೆ ಹೋಗಬೇಕಿತ್ತು. ನಾನು ಬಾಗಿಲಿಗೆ ಒರಗಿ, ಆರು ವರ್ಷಗಳಲ್ಲಿ ಮೊದಲ ಸಲ, ಬೆಳಗಿನ ತನಕ ನಿದ್ದೆ ಮಾಡಿದೆ.

ಎದ್ದು ಚಿಲಕ ತೆಗೆದಾಗ ಮಗಳು ನನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿದಳು. "ರಾತ್ರಿ ಎಷ್ಟು ತಣ್ಣಗಿತ್ತಲ್ಲಮ್ಮಾ ನಿನ್ನ ಕೈ! ಈಗ ಬೆಚ್ಚಗಾಯ್ತಾ?"

"ಆಯ್ತು ಪುಟ್ಟಿ" ಎಂದೆ.

ಆಮೇಲೆ ಅವಳು ಒಂದು ರಾತ್ರಿಯೂ ಎದ್ದಿಲ್ಲ. "ನಿನ್ನ ಪ್ರಾರ್ಥನೆ ದೇವರಿಗೆ ಮುಟ್ತು ನೋಡು" ಎನ್ನುತ್ತಾರೆ ನನ್ನವರು. ನಾನು ತಲೆ ತಗ್ಗಿಸುತ್ತೇನೆ. ಅವರು ಪಾಳಿಗೆ ಹೊರಟ ಮೇಲೆ, ಈಗಲೂ, ಆ ಚಿಲಕವನ್ನು ನಾನೇ ಹಾಕುತ್ತೇನೆ.