ಹೋಗ್ತೀನಿ ಅನ್ನುವವನು

ನಮ್ಮ ಕಡೆ ಮನೆಯಿಂದ ಹೊರಡುವವರು ಯಾರೂ 'ಹೋಗ್ತೀನಿ' ಅನ್ನುವುದಿಲ್ಲ, 'ಬರ್ತೀನಿ' ಅನ್ನುತ್ತಾರೆ. ಇಪ್ಪತ್ತಾರನೆಯ ವಯಸ್ಸಿಗೆ ಜರ್ಮನಿಯಿಂದ ನರ್ಸಾಗಿ ಬೆಳಗಾವಿಗೆ ಬಂದು, ಇಲ್ಲೇ ಮುದುಕಿಯಾದ ಇರ್ಮಾಗೆ ಇದು ಗೊತ್ತಿರದ ಸಂಗತಿಯೇನಲ್ಲ. ಐವತ್ತು ವರ್ಷ ಎಷ್ಟೋ ಜನ "ಬರ್ತೀನ್ರೀ ಬಾಯಾರ" ಅಂದು ಹೋಗಿದ್ದರು. ಆಕೆ ತಲೆಯಾಡಿಸಿ ಬಾಗಿಲು ಹಾಕಿಕೊಂಡಿದ್ದಳು.

ಭರಮಣ್ಣ ಅಂದದ್ದನ್ನು ಮಾತ್ರ ನಂಬಿಬಿಟ್ಟಳು.

ಭರಮಣ್ಣ ಖಾನಾಪುರದವನು, ಬಸ್ ಡ್ರೈವರಾಗಿದ್ದು ರಿಟೈರ್ ಆದವನು. ಹೆಂಡತಿ ಸತ್ಯವ್ವನ ಕಾಲು ಸೋತಾಗ, ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ಇರ್ಮಾ ಅವರಿಗೆ ಹಿಡಿದು ನಡೆಯಲು ತನ್ನ ವಾಕರ್ ಕೊಟ್ಟಿದ್ದಳು. ಸತ್ಯವ್ವ ತೀರಿಕೊಂಡು ಎರಡು ವರ್ಷಕ್ಕೆ ಅವನು ಅದನ್ನು ವಾಪಸ್ ಕೊಡಲು ಬೆಳಗಾವಿಯ ಅನಗೋಳದಲ್ಲಿದ್ದ ಆಕೆಯ ಮನೆಗೆ ಬಂದ.

"ಎರಡ ವರ್ಷ ಬೇಕಾತೇನ್ರಿ?" ಅಂತ ಇರ್ಮಾ ಕೇಳಿದಳು.

"ಗಾಲಿಗೆ ಎಣ್ಣಿ ಹಾಕಾಕತ್ತಿದ್ನಿ."

ಆ ವಾಕರಿಗೆ ಗಾಲಿಯೇ ಇರಲಿಲ್ಲ. ಇರ್ಮಾ ನಕ್ಕಳು. ಅವನು ನೆಲ ನೋಡುತ್ತ, ನಡುನಡುವೆ ಆಕೆಯನ್ನು ಕದ್ದು ನೋಡುತ್ತ ಚಹಾ ಕುಡಿದು, "ಬರ್ತೀನ್ರೀ" ಅಂದು ಹೋದ.

ಅಂದೇ ಮಧ್ಯಾಹ್ನ ಆಕೆ ಎರಡು ತಾಟು ಇಟ್ಟಳು. ಅನ್ನ ಆರಿತು, ಸಾರು ಆರಿತು. ಬಾಜೂ ಮನೆಯ ಮೆಹಬೂಬಿ ಇಣುಕಿ ನೋಡಿದರೆ, ಎಪ್ಪತ್ತೆಂಟರ ಹೆಣ್ಣು ಹೊಸ ಮದುಮಗಳ ಹಾಗೆ ಬಾಗಿಲು ನೋಡುತ್ತ ಕೂತಿದ್ದಳು.

ಮುಂದಿನ ಗುರುವಾರ ಏನೋ ನೆಪ ಹೂಡಿಕೊಂಡು ಬಂದ ಭರಮಣ್ಣನನ್ನು ಮೆಹಬೂಬಿ ಅಂಗಳದಲ್ಲೇ ತಡೆದಳು. "ಬರ್ತೀನಿ ಅಂದವರು ಎಲ್ಲಿ ಹೋಗಿದ್ರಿ? ಬಾಯಾರು ಉಣ್ಣದ ಕುಂತಿದ್ರು."

ಅವನಿಗೆ ನಗು ಬಂತು. ಒಳಗೆ ಬಂದು ಇರ್ಮಾಳ ಮುಖ ನೋಡಿದ ಮೇಲೆ ಆ ನಗು ನಿಂತಿತು.

"ನನಗ ಐದ ವರ್ಷ," ಅಂದಳು ಇರ್ಮಾ. "ಯುದ್ಧ ನಡದಿತ್ತು. ಊರ ಬಿಟ್ಟ ಓಡಿ ಹೊಂಟಿದ್ವಿ. ಸ್ಟೇಷನ್ನಿನಾಗ ಗಾಡಿ ನಿಂತಾಗ ಅವ್ವ, ಬಿಸಿ ಹಾಲ ತಗೊಂಡ ಈಗ ಬರ್ತೀನಿ ಅಂತ ಇಳದಳು. ಗಾಡಿ ಬಿಟ್ಟಿತು. ಅಷ್ಟ."

ಈಗಲೂ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಕಂದು ಶಾಲು ಹೊದ್ದ ಬೆನ್ನು ಕಂಡರೆ ಆಕೆ ಹಿಂದೆ ಹಿಂದೆ ನಡೆದುಬಿಡುತ್ತಿದ್ದಳು. ತಿರುಗಿ ನೋಡಿದವರು ಯಾರೋ ಆಗಿರುತ್ತಿದ್ದರು. ಇರ್ಮಾಗೆ ಈಗ ಅಂದಿನ ಅವ್ವನಿಗಿಂತ ಐವತ್ತು ವರ್ಷ ಹೆಚ್ಚು. ಆದರೂ ಅವ್ವ ಅಲ್ಲೆಲ್ಲೋ ಹಿಮದಲ್ಲಿ ಇನ್ನೂ ಹಾಲು ಹುಡುಕುತ್ತಿದ್ದಾಳೆ ಅನ್ನಿಸುವುದು ತಪ್ಪಿರಲಿಲ್ಲ.

ಆವತ್ತು ಹೊರಡುವಾಗ ಭರಮಣ್ಣ ಹೊಸ್ತಿಲ ಮೇಲೆ ನಿಂತು, "ಹೋಗ್ತೀನ್ರೀ" ಅಂದ.

"ತೌಬಾ, ಹಂಗನಬ್ಯಾಡ್ರಿ. ಅದು ಸಾಯೋರ ಮಾತು," ಅಂದಳು ಅಂಗಳದಲ್ಲಿದ್ದ ಮೆಹಬೂಬಿ.

"ನಾ ಸತ್ರೂ ಚಿಂತಿಲ್ಲ. ಇವರು ನನ್ನ ದಾರಿ ಕಾಯಬಾರದು."

ಇರ್ಮಾಳ ಬಿಳಿ ಕೆನ್ನೆ ಕೆಂಪಾಯಿತು. ಆ ವಯಸ್ಸಿನಲ್ಲಿ ಅದನ್ನು ಎಲ್ಲಿ ಮುಚ್ಚಿಡುವುದು, ಪಾಪ.

ಏಳು ವರ್ಷ, ಪ್ರತಿ ಗುರುವಾರ, ಅವನು ಆ ಕೆಟ್ಟ ಮಾತು ಆಡಿಯೇ ಹೋದ. ಇದಕ್ಕಿಂತ ದೊಡ್ಡ ಪ್ರೀತಿಯನ್ನು ನಾನಂತೂ ಕಂಡಿಲ್ಲ. "ಖಾನಾಪುರಕ್ಕ ಬಂದು ನಮ್ಮ ಮನ್ಯಾಗ ಇರ್ರಿ" ಅಂತ ಮೂರು ಸಲ ಕೇಳಿದ. "ನೀವು ಹೊರಗ ಹೋದಾಗೊಮ್ಮೆ ಬಾಗಲಾ ನೋಡ್ಕೋತ ಕುಂದರಬೇಕಾಗತೈತಿ. ನನ್ನ ಕೈಲೆ ಆಗಾಂಗಿಲ್ಲ" ಅಂದು ಮೂರು ಸಲವೂ ಆಕೆ ಒಲ್ಲೆ ಅಂದಳು.

ಈ ಶ್ರಾವಣದಲ್ಲಿ ಅವನ ಹೃದಯದ ವಾಲ್ವ್ ಕೆಟ್ಟಿತು. ನೆಹರು ನಗರದ ಆಸ್ಪತ್ರೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಎಂಬತ್ತರ ಜೀವ, ಏನೂ ಹೇಳಲಾಗದು ಅಂದಿದ್ದರು ಡಾಕ್ಟರು. ಅವನ ತಂಗಿಯ ಮಗ ಸಂಜಯ ಫಾರ್ಮಿಗೆ ಸಹಿ ಹಾಕಿ ರಕ್ತ ತರಲು ಹೋಗಿದ್ದ. ಥಿಯೇಟರಿಗೆ ಹೋಗುವ ದೊಡ್ಡ ಬಾಗಿಲಿನ ಮುಂದೆ ವೀಲ್‌ಚೇರ್ ನಿಂತಿತು. ಹಸಿರು ಅಂಗಿ ತೊಟ್ಟ ಭರಮಣ್ಣ ಬಾಯಿ ತೆರೆದ.

"ಅದನ್ನ ಹೇಳಬ್ಯಾಡ್ರಿ." ಇರ್ಮಾ ಅವನ ಕೈ ಹಿಡಿದಳು. "ಇವತ್ತ ಬರ್ತೀನಿ ಅನ್ರಿ."

"ನಿಮ್ಮ ಮುಂದ ಎಂದೂ ಸುಳ್ಳ ಹೇಳಿಲ್ಲ ನಾ. ಬರ್ತೀನೋ ಇಲ್ಲೋ ನನಗರ ಏನ ಗೊತ್ತು?"

"ಸುಳ್ಳಾದ್ರೂ ಅಡ್ಡಿಯಿಲ್ಲ."

"ಕಾಯೂದಂದ್ರ ನಿಮಗ ಅಂಜಿಕಿ ಅಲ್ಲೇನ್ರಿ?"

"ಅಂಜಿಕಿ ಐತಿ. ಆದ್ರ ನೀವು ಹೋಗ್ತೀನಿ ಅಂದ್ರೂ ನಾ ಕಾದೇನಿ. ಏಳ ವರ್ಷ, ಶುಕ್ರವಾರದಿಂದ ಗುರುವಾರದ ತನಕ. ನಿಮಗ ಹೇಳಿಲ್ಲ ಅಷ್ಟ."

ಭರಮಣ್ಣನ ಕಣ್ಣು ತುಂಬಿ ಬಂದವು. ಆಕೆಯನ್ನೇ ನೋಡುತ್ತ, "ಬರ್ತೀನಿ," ಅಂದ.

ಇರ್ಮಾಳ ಎದೆಯಲ್ಲಿ ಆ ಹಳೆಯ ಗಾಡಿ ಬಿಟ್ಟ ಸದ್ದು ಎದ್ದಿತು. ಅಂದು ಐದು ವರ್ಷದ ಮಗು ಕಿಟಕಿಗೆ ಕೈಯಿಟ್ಟು ಸುಮ್ಮನೆ ಕೂತಿತ್ತು. ಇಂದು ವೀಲ್‌ಚೇರ್ ಅಲುಗಿದಾಗ ಆಕೆ ಕೈ ಬಿಡಲಿಲ್ಲ, ಜೊತೆಗೇ ನಡೆಯತೊಡಗಿದಳು.

ನರ್ಸ್ ಹುಡುಗಿ ಅಡ್ಡ ಬಂದಳು. "ಅಜ್ಜಿ, ಒಳಗಿನ ಬಾಗಲಾ ತನಕ ಮನಿಮಂದಿ ಒಬ್ಬರನ್ನ ಅಷ್ಟ ಬಿಡ್ತೀವ್ರಿ. ಇವರು ನಿಮಗ ಏನಾಗಬೇಕು?"

ಇರ್ಮಾ ಹುಟ್ಟಿದ ಊರು ಯುದ್ಧದ ನಂತರ ಬೇರೆ ದೇಶಕ್ಕೆ ಸೇರಿತ್ತು, ಅದರ ಹೆಸರೂ ಬದಲಾಗಿತ್ತು. ಆಕೆ ಸೆರಗು ಸರಿಮಾಡಿಕೊಂಡು, ಗಂಡನ ಹೆಸರೆತ್ತದ ಇಲ್ಲಿಯ ಹೆಂಗಸರು ಹೇಳುವ ಹಾಗೆಯೇ ಹೇಳಿದಳು.

"ನಮ್ಮ ಮನಿಯವರು."

ಹುಡುಗಿ ಬಾಗಿಲು ತೆರೆದು ಇಬ್ಬರಿಗೂ ದಾರಿ ಬಿಟ್ಟಳು.