ಐದನೇ ಅರ್ಜಿ

ಪ್ರತಿ ಫೆಬ್ರವರಿಯಲ್ಲಿ ನಾನು ದೇವರಿಗೆ ನಾಲ್ಕು ಅರ್ಜಿ ಬರೆದುಕೊಡುತ್ತಿದ್ದೆ. ಆ ದೇವರು ನಮ್ಮ ಮನೆಯವನಲ್ಲ ಎಂಬುದು ಬೇರೆ ಮಾತು.

ನಮ್ಮ ಮನೆ ಇರುವುದು ಕೆ.ಆರ್. ಪುರದಲ್ಲಿ. ನಡುಮನೆಯಲ್ಲಿ ಬುದ್ಧನ ಪಟವಿದೆ. ಅದರ ಮುಂದೆ ಕೈಮುಗಿಯುತ್ತೇವೆ, ಏನನ್ನೂ ಬೇಡುವುದಿಲ್ಲ. ಅಪ್ಪ ವೆಂಕಟಸ್ವಾಮಿ ಮೂವತ್ತು ವರ್ಷ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. ಒಂದು ಪ್ರಮೋಷನ್ನನ್ನೂ ಬಾಯಿಬಿಟ್ಟು ಕೇಳಿದವರಲ್ಲ. ಯಾರ ಮುಂದೆಯೂ ಕೈ ಚಾಚಬಾರದು ಎಂಬುದೇ ಅವರು ನಮಗೆ ಮಾಡಿಟ್ಟ ಆಸ್ತಿ. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂದು ಅಮ್ಮ ಅಂಜಿನಮ್ಮ ಅಡುಗೆಮನೆಯಿಂದ ಗೊಣಗುತ್ತಿದ್ದುದು ಕಿವಿಗೆ ಬೀಳುತ್ತಿತ್ತು. ಆದರೆ ನಾನು ಅಪ್ಪನ ಮಗಳು.

ಇಂಥ ನಾನು ಹಲಸೂರಿನ ಒಂದು ಕಾನ್ವೆಂಟ್ ಹೈಸ್ಕೂಲಿನಲ್ಲಿ ಆರು ವರ್ಷ ಕನ್ನಡ ಮಿಸ್ ಆಗಿದ್ದೆ. ಹತ್ತನೇ ಕ್ಲಾಸಿನ ಹುಡುಗಿಯರನ್ನು ಬೀಳ್ಕೊಡುವ ದಿನ ಅಲ್ಲಿ ಮೊದಲು ಪ್ರಾರ್ಥನೆ, ಆಮೇಲೆ ಬಿರಿಯಾನಿ. ಪ್ರಾರ್ಥನೆಯ ನಡುವೆ ಒಬ್ಬ ಹುಡುಗಿ ಮೈಕಿನ ಮುಂದೆ ನಿಂತು ಕನ್ನಡದಲ್ಲಿ ನಾಲ್ಕು ಕೋರಿಕೆ ಓದುತ್ತಾಳೆ. ಪರೀಕ್ಷೆಗಾಗಿ ಒಂದು, ಅಪ್ಪ ಅಮ್ಮಂದಿರಿಗಾಗಿ ಒಂದು, ಟೀಚರುಗಳಿಗಾಗಿ ಒಂದು, ಶಾಲೆಗಾಗಿ ಒಂದು. ಪ್ರತಿಯೊಂದರ ಕೊನೆಗೂ ಇಡೀ ಹಾಲ್ ಒಂದೇ ದನಿಯಲ್ಲಿ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎನ್ನುತ್ತದೆ. ನಾಲ್ಕೂ ಮುಗಿದ ಮೇಲೆ ಅರ್ಧ ನಿಮಿಷ ಮೌನ. ಆಗ ಅವರವರ ಮನಸ್ಸಿನ ಕೋರಿಕೆಯನ್ನು ಅವರವರೇ ಒಳಗೊಳಗೆ ಹೇಳಿಕೊಳ್ಳಬೇಕು.

ಆ ನಾಲ್ಕನ್ನು ಬರೆಯುವುದು ನನ್ನ ಕೆಲಸ. "ಆಲಿಸಿರಿ" ಎನ್ನುವ ಸರದಿ ಬಂದಾಗ ಮಾತ್ರ ನಾನು ತುಟಿ ಬಿಚ್ಚುತ್ತಿರಲಿಲ್ಲ. ಬರೆದುಕೊಟ್ಟಿದ್ದಾಯಿತು, ಬೇಡಿಕೊಳ್ಳುವವರು ಬೇಡಿಕೊಳ್ಳಲಿ ಎಂದು ಸುಮ್ಮನೆ ನಿಂತಿರುತ್ತಿದ್ದೆ. ನಾನೂರು ಜನರ ಗದ್ದಲದಲ್ಲಿ ಒಂದು ಬಾಯಿ ಮುಚ್ಚಿರುವುದು ಯಾರಿಗೆ ಗೊತ್ತಾಗಬೇಕು?

ಆರೋಗ್ಯರಾಜ್‌ಗೆ ಗೊತ್ತಾಗಿತ್ತು.

ಅವರು ಮ್ಯೂಸಿಕ್ ಟೀಚರ್. ಮನೆ ಜೋಗುಪಾಳ್ಯದಲ್ಲಿ. ತಾಯಿಯ ಜೊತೆ ತಮಿಳು, ಪ್ರಿನ್ಸಿಪಾಲ್ ಸಿಸ್ಟರ್ ಜೊತೆ ಇಂಗ್ಲಿಷ್, ನನ್ನ ಜೊತೆ ಕನ್ನಡ. ಯಾವ ಭಾಷೆಯಲ್ಲೇ ಆಗಲಿ, ಮಾತಾಡುವ ಮೊದಲು ಕನ್ನಡಕವನ್ನು ಒಮ್ಮೆ ಮೇಲೇರಿಸಬೇಕು. ಮಾತು ಕಷ್ಟದ್ದಾದರೆ ಎರಡು ಸಲ. ಮೊದಲ ವರ್ಷದ ಫೇರ್‌ವೆಲ್ ಮುಗಿದ ಸಂಜೆ ಅವರು ಕನ್ನಡಕವನ್ನು ಎರಡು ಸಲ ಏರಿಸಿ ನನ್ನ ಹತ್ತಿರ ಬಂದಿದ್ದರು.

"ಮಿಸ್, ನೀವು ಬರೀತೀರಿ. ಆದ್ರೆ ಕೇಳಲ್ಲ."

"ನಮ್ಮನೇಲಿ ಕೇಳೋ ಅಭ್ಯಾಸ ಇಲ್ಲ ಸರ್."

"ನಮ್ಮನೇಲಿ ಅದೇ ಅಭ್ಯಾಸ. ಆದ್ರೆ ದೇವರ ಹತ್ರ ಮಾತ್ರ. ಮನುಷ್ಯರ ಹತ್ರ ಏನಾದ್ರೂ ಕೇಳ್ಬೇಕು ಅಂದ್ರೆ ನಂಗೆ ಬಾಯೇ ಬರಲ್ಲ."

ಒಳ್ಳೆಯ ಜೋಡಿ ಎಂದುಕೊಂಡೆ. ಎಂದುಕೊಂಡ ಮೇಲೆ ನನಗೇ ಗಾಬರಿಯಾಗಿ ಮೆಟ್ರೋ ಹಿಡಿಯಲು ಓಡಿದ್ದೆ.

ಅಲ್ಲಿಂದ ಮುಂದೆ ಪ್ರತಿ ಫೇರ್‌ವೆಲ್‌ನಲ್ಲೂ ಒಂದು ಆಟ ನಡೆಯಿತು. ಹುಡುಗಿಯರು "ಆಲಿಸಿರಿ" ಎನ್ನುವ ಹೊತ್ತಿಗೆ ಅವರು ಕೀಬೋರ್ಡಿನ ಮೇಲಿಂದ ತಲೆಯೆತ್ತಿ ನನ್ನ ಮುಚ್ಚಿದ ಬಾಯಿಯನ್ನು ನೋಡುವರು. ಎಡ ಹುಬ್ಬು ಸ್ವಲ್ಪ ಮೇಲಕ್ಕೆ ಹೋಗುವುದು. ನಾನು ತುಟಿಯನ್ನು ಇನ್ನೂ ಬಿಗಿ ಮಾಡುವೆ. ಅವರು ನಗು ತಡೆಯಲು ಹೋಗಿ ಒಂದು ಸ್ವರ ತಪ್ಪು ಒತ್ತುವರು. ವರ್ಷಕ್ಕೆ ನಾಲ್ಕು ಸಲ, ಒಂದೊಂದು ಸಲ ಎರಡು ಸೆಕೆಂಡ್. ಅಷ್ಟಕ್ಕಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ ಎಂದರೆ ನನ್ನ ವಿದ್ಯಾರ್ಥಿನಿಯರು ನಂಬುವುದಿಲ್ಲ. ಕ್ಲಾಸಿನಲ್ಲಿ ನಾನು ಅಷ್ಟು ಖಡಕ್.

ಕೋರಿಕೆ ಬರೆಯುವ ದಿನಕ್ಕೂ ಒಂದು ಪದ್ಧತಿ ಬೆಳೆದಿತ್ತು. ಮ್ಯೂಸಿಕ್ ರೂಮಿನಲ್ಲಿ ಎದುರುಬದುರು ಕೂರುವುದು. ನಾನು ಬರೆದದ್ದನ್ನು ಅವರು ಜೋರಾಗಿ ಓದಿ, ಉಸಿರು ಎಲ್ಲಿ ನಿಲ್ಲುತ್ತದೆ ಎಂದು ತೋರಿಸುವುದು. ಅವರ ಬೀದಿಯ ಬೇಕರಿಯಿಂದ ತಂದ, ಸಿಹಿ ಕೊಬ್ಬರಿ ತುಂಬಿದ ಒಂದು ದಿಲ್‌ಪಸಂದ್ ಮುರಿದು ಇಬ್ಬರೂ ತಿನ್ನುವುದು. ಮುರಿಯುವಾಗ ದೊಡ್ಡ ತುಂಡು ಪ್ರತಿ ಸಲವೂ ನನ್ನ ಕಡೆಗೇ ಬರುತ್ತಿತ್ತು. ಆಮೇಲೆ ಮೆಟ್ರೋ ಸ್ಟೇಷನ್ನಿನವರೆಗೆ ಜೊತೆಗೆ ನಡಿಗೆ. ಅವರ ಮನೆಗೆ ಅದು ಸುತ್ತುದಾರಿ. ಆ ವಿಷಯ ನನಗೆ ಮೂರನೆಯ ವರ್ಷ ಗೊತ್ತಾಯಿತು, ಆದರೆ ಗೊತ್ತಾದಂತೆ ತೋರಿಸಿಕೊಳ್ಳಲಿಲ್ಲ.

ಹೀಗೆ ಆರು ವರ್ಷ ಕಳೆಯಿತು. ನನಗೆ ಮೂವತ್ತೆರಡಾಯಿತು, ಅವರಿಗೆ ಮೂವತ್ತೈದು. ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಜನವರಿಯಲ್ಲಿ ನನಗೆ ಸರ್ಕಾರಿ ಆರ್ಡರ್ ಬಂತು. ಬಂಗಾರಪೇಟೆಯ ಹತ್ತಿರ ಒಂದು ಹೈಸ್ಕೂಲ್, ಪರ್ಮನೆಂಟ್ ಕೆಲಸ. ಎರಡು ಸಲ ಪರೀಕ್ಷೆ ಬರೆದು ಗಳಿಸಿದ್ದು. ಅಪ್ಪ ಆ ಕಾಗದವನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದರು. ಬಂಗಾರಪೇಟೆ ಏನು ಪರದೇಶವಲ್ಲ, ಕೆ.ಆರ್. ಪುರದಲ್ಲಿ ಟ್ರೈನ್ ಹತ್ತಿದರೆ ಒಂದೂವರೆ ಗಂಟೆಯ ದಾರಿ. ಆದರೆ ನಾವಿಬ್ಬರೂ ಭೇಟಿಯಾಗಲು ಶಾಲೆ ಬಿಟ್ಟರೆ ಬೇರೆ ನೆಪವೇ ಇರಲಿಲ್ಲ. ಶಾಲೆ ಹೋದರೆ ಎಲ್ಲವೂ ಹೋದಂತೆ.

ಸ್ಟಾಫ್‌ರೂಮಿಗೆ ಹೇಳುವ ಮೊದಲು ಅವರಿಗೆ ಹೇಳಿದೆ. ಮೆಟ್ಟಿಲ ಕೆಳಗೆ ನಿಂತು ಹೇಳಿದೆ. ಅವರು ಕನ್ನಡಕವನ್ನು ಮೂರು ಸಲ ಮೇಲೇರಿಸಿದರು. ಆರು ವರ್ಷದಲ್ಲಿ ಮೂರು ಸಲ ಏರಿಸಿದ್ದನ್ನು ನಾನು ನೋಡಿರಲಿಲ್ಲ.

"ಕಂಗ್ರಾಜುಲೇಶನ್ಸ್, ಮಿಸ್," ಎಂದರು. ಕೋರಿಕೆಗಳನ್ನು ಗುರುವಾರದೊಳಗೆ ಕೊಟ್ಟರೆ ಅನುಕೂಲ ಎಂದೂ ಸೇರಿಸಿದರು.

ಅಂದು ಮೆಟ್ರೋದಲ್ಲಿ ಕಿಟಕಿಯ ಕಡೆ ಮುಖ ಮಾಡಿ ನಿಂತು ಅತ್ತೆ. ಬೈಯಪ್ಪನಹಳ್ಳಿ ದಾಟುವಷ್ಟರಲ್ಲಿ ಅಳು ಸಿಟ್ಟಾಗಿತ್ತು. ಹೋಗಬೇಡಿ ಎಂದಿದ್ದರೆ ನಾನು ಕೆಲಸ ಬಿಡುತ್ತಿರಲಿಲ್ಲ, ಅದು ನಿಜ. ಆದರೆ ಮನುಷ್ಯನಿಗೆ ಒಂದು ಮಾತು ಬೇಡವೇ? ಊರಿಗೆಲ್ಲ ಹಾಡು ಕಲಿಸುವವರಿಗೆ ಒಂದು ವಾಕ್ಯ ಹುಟ್ಟಲಿಲ್ಲ. ನಾನೇ ಏಕೆ ಕೇಳಲಿಲ್ಲ ಎಂಬ ಪ್ರಶ್ನೆ ಆಗ ನನಗೆ ಹೊಳೆಯಲೇ ಇಲ್ಲ. ಬೇರೆಯವರ ತಟ್ಟೆಯ ನೊಣ ಬೇಗ ಕಾಣುತ್ತದೆ.

ಕೋರಿಕೆ ಬರೆಯುವ ದಿನ ನಾನು ಮ್ಯೂಸಿಕ್ ರೂಮಿಗೆ ಹೋಗಲಿಲ್ಲ. ಹಾಳೆಯನ್ನು ಹುಡುಗಿಯೊಬ್ಬಳ ಕೈಯಲ್ಲಿ ಕಳಿಸಿದೆ. ಮಧ್ಯಾಹ್ನ ನನ್ನ ಮೇಜಿನ ಮೇಲೆ ಒಂದು ಪೊಟ್ಟಣವಿತ್ತು. ಒಳಗೆ ಇಡೀ ದಿಲ್‌ಪಸಂದ್, ಮುರಿಯದ್ದು. ಅದನ್ನು ನೋಡಿ ನನಗೆ ಆದ ಸಂಕಟ ಅಷ್ಟಿಷ್ಟಲ್ಲ. ಇಡಿಯನ್ನು ಯಾರು ಕೇಳಿದ್ದರು ಇವರನ್ನು? ಒಂದು ಚೂರನ್ನೂ ತಿನ್ನದೆ ಸ್ಟಾಫ್‌ರೂಮಿಗೆ ಹಂಚಿಬಿಟ್ಟೆ.

ನಾನು ಹೋಗುವ ವಿಷಯವನ್ನು ಫೇರ್‌ವೆಲ್‌ನಲ್ಲಿ ಹೇಳಬಾರದೆಂದು ಪ್ರಿನ್ಸಿಪಾಲ್ ಸಿಸ್ಟರ್ ಗ್ರಿಸಿಲ್ಡಾ ಅವರನ್ನು ಒಪ್ಪಿಸಿದ್ದೆ. ಅದು ಹುಡುಗಿಯರ ದಿನ. ಅಲ್ಲದೆ ಬೀಳ್ಕೊಡಿ ಎಂದು ಕೇಳುವುದೂ ಕೇಳುವುದೇ ತಾನೇ?

ಫೇರ್‌ವೆಲ್ ದಿನ ಹುಡುಗಿಯರು ಜೀವನದಲ್ಲಿ ಮೊದಲ ಸಲ ಸೀರೆ ಉಟ್ಟು ಬಂದರು. ಅಮ್ಮನ ಸೀರೆ, ಅಕ್ಕನ ಬ್ಲೌಸು, ಯಾರದೋ ಚಪ್ಪಲಿ. ನಾನು ಒಂದು ಡಬ್ಬಿ ಪಿನ್ನು ಹಿಡಿದು ಬಾಗಿಲಲ್ಲಿ ನಿಂತು, ಜಾರುವ ಸೆರಗುಗಳನ್ನೆಲ್ಲ ಭುಜಕ್ಕೆ ಸಿಕ್ಕಿಸಿದೆ. ಶಿವಾಜಿನಗರದ ಇಕ್ರಾ ಹಸಿರು ಸೀರೆಯಲ್ಲಿ ಎರಡು ಹೆಜ್ಜೆಗೊಮ್ಮೆ ಎಡವುತ್ತಿದ್ದಳು. ಅವಳದು ಶಾಲೆಗೇ ಒಳ್ಳೆಯ ಕನ್ನಡ ಉಚ್ಚಾರಣೆ. ಈ ವರ್ಷ ಕೋರಿಕೆ ಓದುವವಳು ಅವಳೇ.

"ಮಿಸ್, ನಾನು ಅಳಲ್ಲ. ಅಮ್ಮಿಗೆ ಪ್ರಾಮಿಸ್ ಮಾಡ್ಬಂದಿದ್ದೀನಿ," ಎಂದಳು. ಅಷ್ಟು ಹೇಳುವಾಗಲೇ ಅವಳ ಕಾಡಿಗೆ ಕದಡಿತ್ತು.

ಹಾಲಿನಲ್ಲಿ ಫ್ಯಾನುಗಳನ್ನು ನಿಲ್ಲಿಸಿದರು. ಒಂಬತ್ತನೇ ಕ್ಲಾಸಿನವರು ಒಬ್ಬೊಬ್ಬರಾಗಿ ಮೇಣದಬತ್ತಿ ಹಚ್ಚಿ ಹತ್ತನೆಯವರ ಕೈಗೆ ಕೊಟ್ಟರು. ಹೋಗುವವರಿಗೆಲ್ಲ ಒಂದೊಂದು ಬತ್ತಿ. ನಾನು ಹಿಂದಿನ ಸಾಲಿನಲ್ಲಿ ಖಾಲಿ ಕೈಯಲ್ಲಿ ನಿಂತಿದ್ದೆ. ಆರೋಗ್ಯರಾಜ್ ಕೀಬೋರ್ಡಿನ ಹಿಂದೆ ಇದ್ದರು. ಅಂದು ಅವರು ಒಮ್ಮೆಯೂ ತಲೆ ಎತ್ತಲಿಲ್ಲ.

ಇಕ್ರಾ ಮೊದಲನೆಯದನ್ನು ಚೆನ್ನಾಗಿ ಓದಿದಳು. ಅಪ್ಪ ಅಮ್ಮಂದಿರ ಹತ್ತಿರ ಬರುವಾಗ ದನಿ ನಡುಗಿತು. "ನಮಗೆ ಅಕ್ಷರ ಕೊಟ್ಟ ಗುರುಗಳಿಗಾಗಿ" ಎನ್ನುವಷ್ಟರಲ್ಲಿ ಕಣ್ಣು ನನ್ನ ಕಡೆ ಹೊರಳಿ, ಅಮ್ಮಿಗೆ ಕೊಟ್ಟ ಮಾತು ಮುರಿದುಬಿತ್ತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನೋಡಿದ ಹುಡುಗಿಯರೆಲ್ಲ ಅತ್ತರು.

ಆರೋಗ್ಯರಾಜ್ ಎದ್ದು ಬಂದು, ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಉಳಿದದ್ದನ್ನು ತಾವೇ ಓದಿದರು. ಗುರುಗಳ ಕೋರಿಕೆ ಮುಗಿಯಿತು, ಶಾಲೆಯದೂ ಮುಗಿಯಿತು. ಇನ್ನು ಮೌನ. ಪ್ರತಿ ವರ್ಷ ಆ ಅರ್ಧ ನಿಮಿಷ ಅವರು ಮೆಲ್ಲನೆ ಕೀಬೋರ್ಡ್ ನುಡಿಸುತ್ತಿದ್ದರು. ಈ ಸಲ ಅವರು ಮೈಕಿನ ಮುಂದೆಯೇ ನಿಂತಿದ್ದರು. ನಿಂತವರು ಶರ್ಟಿನ ಜೇಬಿನಿಂದ ಒಂದು ಕಾಗದ ತೆಗೆದರು. ಮಡಿಸಿ ಬಿಡಿಸಿ, ಬಿಡಿಸಿ ಮಡಿಸಿ ಅದು ಬಟ್ಟೆಯಂತೆ ಮೆತ್ತಗಾಗಿತ್ತು. ಅಂದರೆ ಆಗ ಹೊಳೆದ ಮಾತಲ್ಲ. ಎಷ್ಟು ದಿನದಿಂದ ಜೇಬಿನಲ್ಲಿತ್ತೋ.

ಕನ್ನಡಕವನ್ನು ಒಮ್ಮೆಯೂ ಮುಟ್ಟದೆ ಓದಿದರು.

"ಬೇರೆಯವರಿಗಾಗಿ ಪ್ರಾರ್ಥನೆ ಬರೆದು, ತಮಗಾಗಿ ಒಂದನ್ನೂ ಬರೆದುಕೊಳ್ಳದೆ ಈ ಶಾಲೆಯನ್ನು ಬಿಟ್ಟುಹೋಗುತ್ತಿರುವ ಒಬ್ಬರಿಗಾಗಿ. ಅವರು ಹೋಗುವ ಜಾಗ ಅವರಿಗೆ ಒಳ್ಳೆಯದಾಗಲಿ. ಅವರನ್ನು ಹೋಗಬೇಡಿ ಎನ್ನಲು ಮನಸ್ಸು ಬಾರದೆ, ಜೊತೆಗೆ ಬರಲೇ ಎಂದು ಕೇಳಲು ಧೈರ್ಯ ಸಾಲದೆ, ಬರೀ ಶುಭಾಶಯ ಹೇಳಿ ಸುಮ್ಮನಾದ ಒಬ್ಬ ಪುಕ್ಕಲನಿಗಾಗಿ. ಅವನಿಗೆ ಬಾಯಿ ಬರಲೆಂದು ಪ್ರಭುವಿನಲ್ಲಿ ಪ್ರಾರ್ಥಿಸೋಣ."

ಹುಡುಗಿಯರಿಗೆ ಏನೂ ಅರ್ಥವಾಗಲಿಲ್ಲ. ನಾನು ಹೋಗುವುದು ಅವರಿಗೆ ಗೊತ್ತಿರಲಿಲ್ಲ. ಪುಕ್ಕಲ ಯಾರೋ, ಪಾಪ. ಆದರೂ ಅಭ್ಯಾಸಬಲದಿಂದ ನಾನೂರು ಗಂಟಲು ಒಟ್ಟಿಗೆ ಕೂಗಿದವು. "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ."

ನನ್ನ ಪ್ರೀತಿಯ ವಿಷಯವನ್ನು ಹಲಸೂರಿನ ಅಷ್ಟೂ ಮಕ್ಕಳು ಸೇರಿ ದೇವರಿಗೆ ಒಪ್ಪಿಸಿಬಿಟ್ಟಿದ್ದರು. ನನಗೆ ಕಣ್ಣು ಮಂಜಾಯಿತು. ಆರೋಗ್ಯರಾಜ್ ತಲೆಯೆತ್ತಿ ನನ್ನ ಬಾಯಿಯನ್ನು ನೋಡಿದರು. ಹುಬ್ಬು ಮೇಲೇರಲಿಲ್ಲ, ಆಟದ ನೋಟವಲ್ಲ ಅದು. ಅಷ್ಟು ಭಯಪಟ್ಟ ಮುಖವನ್ನು ನಾನು ಪರೀಕ್ಷೆಯ ಹಾಲಿನಲ್ಲೂ ನೋಡಿಲ್ಲ.

ಹೆಸರಿಲ್ಲದ ಕೋರಿಕೆ, ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪ ನೆನಪಾದರು, ಅವರ ಬಾರದ ಪ್ರಮೋಷನ್ನುಗಳೂ ನೆನಪಾದವು. ಅಡುಗೆಮನೆಯ ಗೊಣಗಾಟವೂ ಕೇಳಿದಂತಾಯಿತು.

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ," ಎಂದೆ.

ಎಲ್ಲರೂ ಹೇಳಿ ಮುಗಿಸಿದ ಮೇಲೆ, ಒಬ್ಬಳೇ, ಕ್ಲಾಸಿನಲ್ಲಿ ಪದ್ಯ ಓದುವ ಗಟ್ಟಿ ದನಿಯಲ್ಲಿ.

ನಾನೂರು ತಲೆಗಳು ಹಿಂದಕ್ಕೆ ತಿರುಗಿದವು. ನನ್ನನ್ನು ನೋಡಿ, ಅವರನ್ನು ನೋಡಿ, ಮತ್ತೆ ನನ್ನನ್ನು ನೋಡಿದವು. ಲೆಕ್ಕದಲ್ಲಿ ಫೇಲಾಗುವ ಹುಡುಗಿಯರೂ ಈ ಲೆಕ್ಕವನ್ನು ಎರಡು ಸೆಕೆಂಡಿನಲ್ಲಿ ಬಿಡಿಸಿದರು. ಇಕ್ರಾ ಅಳುವುದನ್ನು ನಿಲ್ಲಿಸಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಸಿಸ್ಟರ್ ಗ್ರಿಸಿಲ್ಡಾ ಕೆಮ್ಮಿ, ಮುಂದಿನ ಹಾಡು ಎಂದರು. ಆ ಹಾಡಿನಲ್ಲಿ ಆರೋಗ್ಯರಾಜ್ ಎಷ್ಟು ಸ್ವರ ತಪ್ಪಿದರೋ ಲೆಕ್ಕವಿಲ್ಲ.

ಬಿರಿಯಾನಿ ಮುಗಿದು, ಸೆಲ್ಫಿಗಳು ಮುಗಿದು, ಹುಡುಗಿಯರು ಆಟೋಗಳಲ್ಲಿ ಸೀರೆ ತುಂಬಿಕೊಂಡು ಹೋದ ಮೇಲೆ ಗೇಟಿನ ಹತ್ತಿರ ಅವರು ಸಿಕ್ಕಿದರು. ಒಂದು ಕೈಯಲ್ಲಿ ಉಳಿದ ಮೇಣದಬತ್ತಿ, ಇನ್ನೊಂದರಲ್ಲಿ ಬೇಕರಿಯ ಪೊಟ್ಟಣ. ಬತ್ತಿಯನ್ನು ಮೊದಲು ಕೊಟ್ಟರು.

"ನಾನು ಹೆಸರು ಹೇಳಿರ್ಲಿಲ್ಲ ಮಿಸ್. ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಗೊತ್ತು. ಅದಕ್ಕೇ ಸುಮ್ನಿರ್ಲಿಲ್ಲ."

ಅವರು ನಕ್ಕರು. ನಗುವಾಗ ಕಣ್ಣಲ್ಲಿ ನೀರಿತ್ತು. ಅಂದು ಕಂಗ್ರಾಜುಲೇಶನ್ಸ್ ಎಂದದ್ದಕ್ಕೆ ನಾನು ಒಂದು ತಿಂಗಳು ಬೈದುಕೊಂಡು ತಿರುಗಿದ್ದನ್ನು ಹೇಳಿದೆ. ಇನ್ನೊಂದು ಮಾತಾಡಿದ್ದರೆ ಹೋಗಬೇಡಿ ಎಂದು ಬಾಯಿಗೆ ಬಂದುಬಿಡುತ್ತಿತ್ತು, ಗಳಿಸಿದ ಕೆಲಸಕ್ಕೆ ಕಲ್ಲು ಹಾಕಿದಂತಾಗುತ್ತಿತ್ತು ಎಂದು ಅವರು ಹೇಳಿದರು.

"ಈಗ?"

"ಈಗಲೂ ಹೋಗ್ಬೇಡಿ ಅನ್ನಲ್ಲ. ಶನಿವಾರ ಮಧ್ಯಾಹ್ನ ಕಂಟೋನ್ಮೆಂಟಿಂದ ಬಂಗಾರಪೇಟೆಗೆ ಟ್ರೈನ್ ಇದೆ, ಟೈಮ್ ನೋಡಿಟ್ಟಿದ್ದೀನಿ." ಕನ್ನಡಕ ಒಮ್ಮೆ ಮೇಲೇರಿತು, ಮತ್ತೊಮ್ಮೆ ಏರಿತು. "ಪ್ರತಿ ಶನಿವಾರ ಬರ್ಲಾ ಪೂಜಿತಾ? ಆಮೇಲೆ ಒಂದಿನ, ನೀವು ಹೂಂ ಅಂದ್ರೆ, ವಾಪಸ್ ಹೋಗ್ದೇ ಇರ್ಲಾ?"

ಮಿಸ್ ಎನ್ನದೆ ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವರ ತಾಯಿಯ ಹತ್ತಿರ, ನನ್ನ ಅಪ್ಪನ ಹತ್ತಿರ ಇನ್ನೂ ಕೇಳುವುದಿತ್ತು. ಅದು ಸುಲಭವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಕೇಳುವುದನ್ನು ನಾವು ಅಂದು ತಾನೇ ಕಲಿತಿದ್ದೆವು.

"ಹೂಂ," ಎಂದೆ.

ಅವರು ಪೊಟ್ಟಣ ಬಿಚ್ಚಿದರು. ಈ ಸಲವೂ ಇಡೀ ದಿಲ್‌ಪಸಂದ್. ಸಂತೋಷದಲ್ಲಿ ಅದನ್ನು ಮುರಿಯುವುದನ್ನೇ ಮರೆತು ನನ್ನ ಮುಖ ನೋಡುತ್ತ ನಿಂತುಬಿಟ್ಟರು. ಅಪ್ಪನ ಮಗಳಾದ ನಾನು ಜೀವಮಾನದಲ್ಲಿ ಮೊದಲ ಸಲ ಒಬ್ಬರ ಮುಂದೆ ಕೈ ಚಾಚಿದೆ.

"ನನ್ನ ಅರ್ಧ ಕೊಡಿ," ಎಂದೆ.